ರಿಗಾದ ಪರದೆಯ ಮೇಲೆ ನಮ್ಮ ಸವಣೂರು

ತಡಸ

ನಾನು ಕಂಬ ಹತ್ತುವವನು. ಒಂಬತ್ತನೇ ಇಯತ್ತೆ ಫೇಲಾದ ಮೇಲೆ ಶಾಲೆಯ ಕಡೆ ಹೊರಳಿ ನೋಡಿಲ್ಲ. ಹೆಸರು ಮೈಲಾರಿ, ಊರು ಹಿರೇಬೆಂಡಿಗೇರಿ. ಕೆಲಸ ಸವಣೂರಿನ ಗೌಸ್ ಚಾಚಾ ಹತ್ತಿರ. ಚಾಚಾ ಮೊದಲು ವೀಳ್ಯದೆಲೆ ವ್ಯಾಪಾರ ಮಾಡುತ್ತಿದ್ದರು, ಆಮೇಲೆ ಕೇಬಲ್ ಟಿವಿ, ಈಗ ಇಂಟರ್‌ನೆಟ್. ಎಲೆ ಇಡುತ್ತಿದ್ದ ಗೋಡೌನಿನಲ್ಲಿ ಈಗ ರೌಟರ್ ಇದೆ. ಅಲ್ಲಿಂದ ಶಿಗ್ಗಾಂವಿ, ಹಾನಗಲ್ ಕಡೆಯ ಹಳ್ಳಿಗಳಿಗೆ ವೈರು ಹೋಗಿದೆ. ಎಳೆದವನು ನಾನೇ.

ಇಂಥವನು ಲಾಟ್ವಿಯಾ ಎಂಬ ದೇಶದ ರಿಗಾ ಎಂಬ ಊರಿಗೆ ಹೇಗೆ ಹೋದ ಎಂದು ಎಲ್ಲರೂ ಕೇಳುತ್ತಾರೆ. ಕೇಳಿ. ದೊಡ್ಡ ಕಂಪನಿಯ ರೌಟರ್ ತರುವ ತಾಕತ್ತು ನಮಗಿಲ್ಲ. ಹಳೆಯ ಕಂಪ್ಯೂಟರಿಗೆ ಒಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಅದನ್ನೇ ರೌಟರ್ ಮಾಡಿಕೊಂಡಿದ್ದೇವೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಿಚ್ಚಿ ಒಳಗೆ ನೋಡಬಹುದು, ಅಂಥ ಸಾಫ್ಟ್‌ವೇರ್. ನಮ್ಮಲ್ಲಿ ಕರೆಂಟು ಹೋಗಿ ಬಂದು ಮಾಡಿದಾಗ ಅದು ತನ್ನ ಸೆಟ್ಟಿಂಗ್ ಮರೆತುಬಿಡುತ್ತಿತ್ತು. ಸಿಟ್ಟು ಬಂದು, ಮೊಬೈಲಿನಲ್ಲಿ ಇಂಗ್ಲಿಷಿಗೆ ತಿರುಗಿಸಿ, ಅದನ್ನು ಮಾಡಿದವರಿಗೆ ಬರೆದೆ. ಬೇರೆ ದೇಶದಲ್ಲಿ ಕರೆಂಟು ಹಾಗೆ ಹೋಗುವುದಿಲ್ಲವಂತೆ. ಹಾಗಾಗಿ ಆ ತಪ್ಪು ಯಾರಿಗೂ ಸಿಕ್ಕಿರಲಿಲ್ಲ. ಅವರು ರಿಪೇರಿ ಮಾಡಿದರು. ಆರು ತಿಂಗಳ ಮೇಲೆ ಒಂದು ಸಂಸ್ಥೆಯಿಂದ ಪತ್ರ ಬಂತು: ರಿಗಾದಲ್ಲಿ ಸಣ್ಣ ನೆಟ್‌ವರ್ಕಿನವರ ಸಭೆ ಇದೆ, ಖರ್ಚು ನಮ್ಮದು, ಬಂದು ನಿಮ್ಮ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡಿ.

ಚಾಚಾ ನನ್ನನ್ನು ತಡಸದ ತನಕ ಬೈಕಿನಲ್ಲಿ ಬಿಟ್ಟರು. ಹುಬ್ಬಳ್ಳಿ ಬಸ್ಸು ಬರುವ ತನಕ ಒಂದೇ ಮಾತು.

"ಲೇ ಮೈಲಾರಿ, ಅಲ್ಲಿ ಹೋಗಿ ಬಾಯಿ ತೆಗೀಬ್ಯಾಡ. ಕೇಳು, ಉಣ್ಣು, ಎದ್ದು ಬಾ."

"ಮಾತಾಡಾಕಂತನ ಕರದಾರ್ರಿ ಚಾಚಾ."

"ಕರದ್ರ ಕರೀಲಿ. ನಮ್ಮ ಲೈನು ಮ್ಯಾಲಿನ ಕಂಪನಿ ಕೈಯಾಗೈತಿ. ನೀ ಏನರೆ ಹೆಚ್ಚುಕಡಿಮಿ ಅಂದಿ, ಅವರಿಗೆ ಸಿಟ್ಟು ಬಂತು, ಒಂದ ಕತ್ರಿ ಸಾಕು. ನಾ ಮತ್ತ ಎಲಿ ಮಾರಾಕ ಕುಂದರಬೇಕಾಕ್ಕೈತಿ."

ಮೇಲಿನ ಕಂಪನಿ ಅಂದರೆ ನಮಗೆ ಸಗಟಿನಲ್ಲಿ ಇಂಟರ್‌ನೆಟ್ ಕೊಡುವವರು. ನಮ್ಮ ಇಡೀ ಧಂದೆ ಅವರ ಒಂದು ವೈರಿನ ಮೇಲೆ ನಿಂತಿದೆ.

ಬಸ್ಸು ಹತ್ತಿದ ಮೇಲೆ ಅವ್ವನ ಫೋನು. "ಅಲ್ಲಿ ರೊಟ್ಟಿ ಸಿಗತಾವೇನೋ?"

"ಗೊತ್ತಿಲ್ಲಬೇ."

"ಅದಕ್ಕ ನಿನ್ನ ಅಂಗಿ ತಗದು ಖಡಕ್ ರೊಟ್ಟಿ ಇಟ್ಟೇನಿ. ಅಂಗಿ ಅಲ್ಲೇ ತಗೋ."

ವಿಮಾನ ಇಳಿದಲ್ಲಿ

ಅಂಗಿ ಇಲ್ಲದ ಚೀಲವನ್ನು ವಿಮಾನ ನಿಲ್ದಾಣದ ತಪಾಸಣೆಯವರು ಬಿಚ್ಚಿಸಿದರು. ಕೈಗೆ ರಬ್ಬರ್ ಚೀಲ ಹಾಕಿಕೊಂಡ ಒಬ್ಬ ಹುಡುಗ ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿದ. ಟಣ್ ಅಂತು. ಇನ್ನೊಬ್ಬನನ್ನು ಕರೆದ. ಅವನೂ ಬಡಿದ. ಶೇಂಗಾ ಚಟ್ನಿ ಪುಡಿಯ ಡಬ್ಬಿ ತೆಗೆದು ಮೂಗಿಗೆ ಹಿಡಿದವನು ನಾಲ್ಕು ಸಲ ಸೀನಿದ. ನಾನು ಒಂದು ಚೂರು ರೊಟ್ಟಿ ಮುರಿದು, ಪುಡಿ ಹಚ್ಚಿಕೊಂಡು, ಅವರ ಮುಂದೆಯೇ ತಿಂದು ತೋರಿಸಿದೆ. ಬಿಟ್ಟರು.

ರಿಗಾ, ಮೊದಲ ದಿನ

ಈ ಊರಿನಲ್ಲಿ ಯಾರೂ ಮಾತಾಡುವುದಿಲ್ಲ. ಟ್ರಾಮ್ ತುಂಬಾ ಜನ, ಒಂದು ಉಸಿರಿಲ್ಲ. ನಮ್ಮ ಸವಣೂರು ಬಸ್ಸಿನಲ್ಲಿ ಅಷ್ಟು ಜನ ಸುಮ್ಮನೆ ಕೂತರೆ ಯಾರೋ ಸತ್ತಿದ್ದಾರೆ ಅಂತ ಲೆಕ್ಕ.

ಇನ್ನೊಂದು ನೋಡಿ ನನಗೆ ತಲೆಯೇ ಕೆಟ್ಟಿತು. ರಸ್ತೆ ಖಾಲಿ. ಈ ಕಡೆ ಗಾಡಿ ಇಲ್ಲ, ಆ ಕಡೆ ಗಾಡಿ ಇಲ್ಲ. ಆದರೂ ಕೆಂಪು ದೀಪ ನೋಡಿಕೊಂಡು ಒಬ್ಬ ಮುದುಕಿ, ಇಬ್ಬರು ಕಾಲೇಜು ಹುಡುಗರು, ಒಂದು ನಾಯಿ ನಿಂತಿವೆ. ನಾನು ದಾಟಿದೆ. ಆ ಕಡೆ ಹೋಗಿ ತಿರುಗಿ ನೋಡಿದರೆ ನಾಯಿಯೂ ನನ್ನನ್ನೇ ನೋಡುತ್ತಿತ್ತು.

ಸಭೆಯಲ್ಲಿ ನೇಪಾಳದ ಪೆಂಬಾ ಸಿಕ್ಕಿದ. ಗುಡ್ಡದ ಹಳ್ಳಿಗಳಿಗೆ ಇಂಟರ್‌ನೆಟ್ ಕೊಡುವವನು. ಅವನಿಗೆ ಹಿಂದಿ ಬರುತ್ತದೆ, ನನ್ನ ಹಿಂದಿ ಚಾಚಾನಿಂದ ಕಲಿತದ್ದು. ಇಬ್ಬರೂ ಸೇರಿ ಊಟಕ್ಕೆ ಹೋದರೆ ತಣ್ಣಗಿನ, ಬಣ್ಣದ ನೀರಿನಂಥ ಗುಲಾಬಿ ಸಾರು ಕೊಟ್ಟರು. ಬೀಟ್‌ರೂಟ್ ಮತ್ತು ಮಜ್ಜಿಗೆ. ಸಾರು ತಣ್ಣಗಿದೆ, ಬಿಸಿ ಮಾಡಿ ಅಂದೆ. ತಣ್ಣಗೇ ಕುಡಿಯಬೇಕಂತೆ. ಕಪ್ಪು ರೊಟ್ಟಿಯಂಥ ಬ್ರೆಡ್ ಇತ್ತು, ಅದು ಮಾತ್ರ ಹೊಟ್ಟೆಗೆ ಹತ್ತಿತು.

ಸಂಜೆ ನಮ್ಮಿಬ್ಬರನ್ನೂ ಇಲ್ಜೆ ಎಂಬ ಹೆಂಗಸು ಮನೆಗೆ ಕರೆದರು. ನನ್ನ ಪತ್ರಕ್ಕೆ ಉತ್ತರ ಬರೆದವರು ಇವರೇ. ಐವತ್ತರ ಮೇಲೆ ವಯಸ್ಸು. ಬರಿಗೈಯಲ್ಲಿ ಹೋಗಬಾರದೆಂದು ಹೂವಿನ ಅಂಗಡಿಯಲ್ಲಿ ಆರು ಹೂ ಆರಿಸಿದೆ. ಅಂಗಡಿಯ ಮುದುಕಿ ಒಂದನ್ನು ಎಳೆದು ಒಳಗಿಟ್ಟಳು. ನಾನು ವಾಪಸ್ ಇಟ್ಟೆ. ಅವಳು ಮತ್ತೆ ಎಳೆದಳು. ಮೋಸ ಮಾಡುತ್ತಿದ್ದಾಳೆ ಎಂದು ನಾನು ದನಿ ಏರಿಸಿದೆ. ಪೆಂಬಾ ಯಾರನ್ನೋ ಕೇಳಿ ಬಂದು ಹೇಳಿದ: ಇಲ್ಲಿ ಸರಿಸಂಖ್ಯೆಯ ಹೂ ಹೆಣಕ್ಕೆ ಇಡುವುದಂತೆ. ನಾನು ಕೈ ಮುಗಿದೆ. ಮುದುಕಿ ನಗಲಿಲ್ಲ.

ಇಲ್ಜೆ ಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಅನ್ನುತ್ತೇವೆ ಎಂದೆ. ಅವರಿಗೆ ಹಿಡಿಸಿತು. ಅಂದಿನಿಂದ ನನಗೆ ಅವರು ಅಕ್ಕೋರು. ಅವರ ಇಂಗ್ಲಿಷೂ ನನ್ನದರ ಹಾಗೆ ತುಂಡು ತುಂಡು. ತೊಡಕಾದಲ್ಲಿ ಪೆಂಬಾ ಬಿಡಿಸುತ್ತಿದ್ದ.

ಅವರ ಮನೆ ಎರಡು ಕೋಣೆ. ಅಡುಗೆಮನೆಯ ಮೇಜಿನ ಮೇಲೆ ಆಲೂಗಡ್ಡೆ, ಮಕ್ಕಳ ಗಣಿತದ ಪೇಪರು, ಒಂದು ಹಳೆಯ ಲ್ಯಾಪ್‌ಟಾಪ್.

"ಆಫೀಸ್ ಎಲ್ಲಿ?" ಎಂದು ಕೇಳಿದೆ.

"ಇದೇ."

"ಜನ?"

"ಇಬ್ಬರಿದ್ದೆವು. ಒಬ್ಬ ಹೋದ ವರ್ಷ ಸಾಕಾಗಿದೆ ಎಂದು ಬಿಟ್ಟ. ಈಗ ನಾನು."

ನಮ್ಮ ಹಳ್ಳಿಗಳು, ಪೆಂಬಾನ ಗುಡ್ಡಗಳು, ನಾನು ಹೆಸರು ಕೇಳದ ಎಷ್ಟೋ ದೇಶಗಳ ಇಂಟರ್‌ನೆಟ್ ಈ ಸಾಫ್ಟ್‌ವೇರ್ ಮೇಲೆ ನಡೆಯುತ್ತದೆ. ಅದರ ಹಿಂದೆ ದೊಡ್ಡ ಗಾಜಿನ ಕಟ್ಟಡ ಇದೆ ಎಂದು ತಿಳಿದಿದ್ದೆ. ಇದ್ದದ್ದು ಆಲೂಗಡ್ಡೆ ಸುಲಿಯುವ ಒಬ್ಬ ಅಕ್ಕೋರು. ಸಂಬಳವೂ ಇಲ್ಲ.

"ಅದೂ ನಾಳಿದ್ದು ಮುಗಿಯುತ್ತದೆ. ಸಭೆಯ ಕೊನೆಯ ದಿನ ನಿಲ್ಲಿಸುತ್ತೇನೆ ಎಂದು ಹೇಳುವವಳಿದ್ದೇನೆ," ಅಂದರು. "ಯಾರೋ ನನ್ನ ಮೇಲೆ ದಾಳಿ ಮಾಡಿದ್ದಾರೆ. ಯಾಕೆ ಎಂದು ಗೊತ್ತಿಲ್ಲ. ನನಗೆ ಹೆದರಿಕೆಯಾಗಿದೆ. ನಾಳೆ ತೋರಿಸುತ್ತೇನೆ, ನೋಡು."

ಯಾವನು ಆ ಸೂಳೆಮಗ ಎಂದು ನಾನು ಕನ್ನಡದಲ್ಲಿ ಬೈದೆ. ಅಕ್ಕೋರಿಗೆ ತಿಳಿಯಲಿಲ್ಲ, ಒಳ್ಳೆಯದಾಯಿತು.

ಎರಡನೆಯ ದಿನ

ಮುಂದಿನದು ತಿಳಿಯಬೇಕಾದರೆ ಇಂಟರ್‌ನೆಟ್ ಹೇಗೆ ದಾರಿ ಹುಡುಕುತ್ತದೆ ಎಂಬುದು ಗೊತ್ತಿರಬೇಕು. ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗುತ್ತಾನಲ್ಲ, ಹಾನಗಲ್ ಹಾನಗಲ್ ಎಂದು, ಹಾಗೆಯೇ. ಪ್ರತಿ ನೆಟ್‌ವರ್ಕೂ ತನ್ನ ಪಕ್ಕದವನಿಗೆ ಕೂಗುತ್ತದೆ: ಈ ವಿಳಾಸಗಳಿಗೆ ಹೋಗಬೇಕಾದರೆ ನನ್ನ ಕಡೆ ಬನ್ನಿ. ಪಕ್ಕದವನು ಅದನ್ನು ಮುಂದಿನವನಿಗೆ ಕೂಗುತ್ತಾನೆ. ಕೂಗಿದವನ ಬಸ್ಸಿನ ಬೋರ್ಡು ನಿಜವೋ ಸುಳ್ಳೋ ಎಂದು ನೋಡುವ ಕಾವಲನ್ನು ಕೆಲವರು ಇಟ್ಟಿದ್ದಾರೆ. ಎಷ್ಟೋ ಜನ ಇಟ್ಟಿಲ್ಲ.

ಸಭೆಯಲ್ಲಿ ಅಕ್ಕೋರು ಪರದೆಯ ಮೇಲೆ ಚಿತ್ರ ಹಾಕಿದರು. ಎರಡು ತಿಂಗಳ ಹಿಂದೆ ಒಂದು ದಿನ, ಅವರ ಸಾಫ್ಟ್‌ವೇರ್ ಇಟ್ಟಿರುವ ಕಂಪ್ಯೂಟರಿನ ವಿಳಾಸಗಳನ್ನು ಬೇರೆ ಯಾರೋ ತಮ್ಮವೆಂದು ಕೂಗಿದ್ದಾರೆ. ಅರ್ಧ ಜಗತ್ತು ನಂಬಿದೆ. ಸಾಫ್ಟ್‌ವೇರ್ ಬೇಕೆಂದು ಕೇಳಿದವರೆಲ್ಲ ಅಕ್ಕೋರ ಕಡೆ ಬರುವ ಬದಲು ಇಂಡಿಯಾದ ಕಡೆ ಹೋಗಿದ್ದಾರೆ. ಕೂಗು ಬಂದದ್ದು ಇಂಡಿಯಾದ ಒಂದು ದೊಡ್ಡ ಕಂಪನಿಯಿಂದ. ಅದರ ಹಿಂದೆ ಯಾರಿದ್ದರು ಎಂದು ಗೊತ್ತಿಲ್ಲ. ಪತ್ರ ಬರೆದರೆ ಕಂಪನಿ ಉತ್ತರ ಕೊಟ್ಟಿಲ್ಲ. ಕಾವಲು ಇಟ್ಟವರೂ ಮೋಸ ಹೋದರು, ಏಕೆಂದರೆ ಕಳ್ಳ ತನ್ನ ನೆಟ್‌ವರ್ಕಿನ ಗುರುತಿನ ನಂಬರಿನ ಬದಲು ಅಕ್ಕೋರದನ್ನೇ ಕೂಗಿನಲ್ಲಿ ಸೇರಿಸಿದ್ದ. ಬಹಳ ಶಾಣ್ಯಾ ಕಳ್ಳ.

ಯಾರಾದರೂ ನಡುವೆ ಕೂತು ಸಾಫ್ಟ್‌ವೇರಿನಲ್ಲಿ ವಿಷ ಬೆರೆಸಿ ಕೊಟ್ಟಿದ್ದರೆ? ಅದೇ ಅಕ್ಕೋರ ಹೆದರಿಕೆ. ಎರಡು ತಿಂಗಳು ಶಾಲೆ ಮುಗಿಸಿ ಬಂದು ಒಂದೊಂದು ಫೈಲು ತೆಗೆದು ನೋಡಿದ್ದಾರೆ. ಏನೂ ಸಿಕ್ಕಿಲ್ಲ. ಸಿಗದೇ ಇದ್ದದ್ದೇ ಅವರನ್ನು ಇನ್ನಷ್ಟು ಹೆದರಿಸಿದೆ.

"ವಿಚಿತ್ರ ನೋಡಿ," ಅಂದರು. "ಜಗತ್ತಿನ ಗಡಿಯಾರದಲ್ಲಿ ಬೆಳಿಗ್ಗೆ ನಾಲ್ಕೂವರೆಗೆ ಶುರು, ಹನ್ನೊಂದೂವರೆಗೆ ಸರಿಯಾಗಿ ಬಂದ್. ನಡುವೆ ಎಂಟು ಗಂಟೆಯಿಂದ ಮುಕ್ಕಾಲು ತಾಸು ನಿಂತಿದೆ."

ಮುಂದಿನ ಸಾಲಿನ ಬೋಳುತಲೆಯ ಸಾಹೇಬ ಎದ್ದು, ಆ ಮುಕ್ಕಾಲು ತಾಸಿನಲ್ಲಿ ಕಳ್ಳರು ಕದ್ದ ಮಾಹಿತಿಯನ್ನು ಬೇರೆ ಕಡೆ ಸಾಗಿಸಿದ್ದಾರೆ, ಇದು ದೊಡ್ಡ ಗುಂಪಿನ ಕೆಲಸ ಎಂದ. ಎಲ್ಲರೂ ತಲೆ ಆಡಿಸಿದರು.

ನಾನು ಐದೂವರೆ ಕೂಡಿಸಿದೆ. ರೌಟರ್ ನಡೆಯುವ ಆ ಜಗತ್ತಿನ ಗಡಿಯಾರಕ್ಕೆ ಐದೂವರೆ ಕೂಡಿಸಿದರೆ ನಮ್ಮ ಟೈಮು, ಅದು ನನಗೆ ನಿದ್ದೆಯಲ್ಲೂ ಬರುತ್ತದೆ. ಹತ್ತರಿಂದ ಐದು. ನಡುವೆ ಒಂದೂವರೆಯಿಂದ ಮುಕ್ಕಾಲು ತಾಸು.

ಆಮೇಲೆ ಪರದೆಯ ಮೇಲಿದ್ದ ವಿಳಾಸದ ಅಂಕಿ ನೋಡಿದೆ. ಆ ಅಂಕಿಗಳನ್ನು ನಾನು ಒಂದು ಬೆರಳಿನಿಂದ ಒತ್ತಿದ್ದೆ.

ಅವತ್ತು ಸವಣೂರಿನಲ್ಲಿ, ನಮ್ಮ ವೈರು ಹೋಗುವ ಹಳ್ಳಿಗಳಲ್ಲೂ ಕರೆಂಟಿನ ಲೈನ್ ರಿಪೇರಿ ಇತ್ತು. ಹತ್ತರಿಂದ ಐದರ ತನಕ ಕರೆಂಟು ಇಲ್ಲ ಎಂದು ಮೊದಲೇ ಹೇಳಿದ್ದರು. ನಮ್ಮಲ್ಲಿರುವುದು ಒಂದೇ ರೌಟರ್. ಗಿರಾಕಿಗಳ ಮನೆಯ ಡಬ್ಬಿಗಳೆಲ್ಲ ಬಂದ್ ಇರುವ ಇಂಥ ದಿನವೇ ನಾನು ಅದರ ಮೇಲೆ ಕಲಿಯುವುದು. ಏನು ಕೆಟ್ಟರೂ ಯಾರೂ ಫೋನ್ ಮಾಡುವುದಿಲ್ಲ. ಸಾಫ್ಟ್‌ವೇರಿನ ಜೊತೆ ಅಕ್ಕೋರು ಬರೆದಿಟ್ಟ, ಕೂಗುವುದು ಹೇಗೆ ಎಂಬ ಪಾಠವನ್ನು ಶಿಗ್ಗಾಂವಿಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡಿದ್ದೆ. ಇನ್ವರ್ಟರ್ ಮೇಲೆ ರೌಟರ್ ಹಚ್ಚಿ, ಪಾಠದ ಅಂಕಿಗಳನ್ನು ಇದ್ದಂತೆಯೇ ಹೊಡೆದೆ, ಅಕ್ಕೋರ ನಂಬರ್ ಸಹಿತ. ಕಲಿಯುವುದು ಎಂದರೆ ನೋಡಿ ಬರೆಯುವುದು, ನಮ್ಮ ಶಾಲೆಯಲ್ಲಿ ಹಾಗೇ ಹೇಳಿದ್ದರು. ಒಂದೂವರೆಗೆ ಬ್ಯಾಟರಿ ಉಳಿಸಲು ರೌಟರ್ ಬಂದ್ ಮಾಡಿ ಊಟಕ್ಕೆ ಹೋದೆ. ಐದಕ್ಕೆ ಕರೆಂಟು ಬಂತು, ಎಲ್ಲ ಅಳಿಸಿ ಮನೆಗೆ ಹೋದೆ.

ಸವಣೂರಿನಲ್ಲಿ ಕರೆಂಟು ಹೋದರೆ ಜಗತ್ತೆಲ್ಲ ಬಂದ್ ಎಂದು ನಾನು ತಿಳಿದಿದ್ದೆ. ಮೇಲಿನ ಕಂಪನಿಗೆ ಹೋಗುವ ವೈರು ಜೀವಂತ ಇತ್ತು. ನಾನು ಪಾಠ ಓದುತ್ತಿದ್ದೆ, ಅದು ಜಗತ್ತಿಗೆ ಕೂಗುತ್ತಿತ್ತು. ನಮ್ಮ ಸಣ್ಣ ನೆಟ್‌ವರ್ಕಿಗೆ ಸ್ವಂತ ನಂಬರೂ ಇಲ್ಲ, ಹಾಗಾಗಿ ಅಕ್ಕೋರು ಹೇಳಿದ ಆ ದೊಡ್ಡ ಕಂಪನಿಯ, ಅಂದರೆ ನಮ್ಮ ಮೇಲಿನ ಕಂಪನಿಯ ಹೆಸರು ಕಂಡಿತು, ನಮ್ಮದು ಎಲ್ಲೂ ಕಾಣಲಿಲ್ಲ.

ಆ ದೊಡ್ಡ ಗುಂಪು ನಾನು. ಆ ಮುಕ್ಕಾಲು ತಾಸು ನನ್ನ ರೊಟ್ಟಿ ಮತ್ತು ಬದನೆಕಾಯಿ ಪಲ್ಯ.

ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ. ಪೆಂಬಾ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದ. ಅವನಿಗೆ ಹೇಳಿದೆ. "ಹೇಳಿದರೆ ನಿನ್ನ ಲೈನ್ ಕತ್ತರಿಸುತ್ತಾರೆ. ಹೇಳದಿದ್ದರೆ ನಾಳೆ ಅವರು ಎಲ್ಲಾ ನಿಲ್ಲಿಸುತ್ತಾರೆ. ನನ್ನ ಊರೂ ಅದರ ಮೇಲೇ ನಡೆಯುತ್ತದೆ, ಮಾರಾಯ," ಅಂದ.

ಚಾಚಾಗೆ ಫೋನ್ ಹಚ್ಚಿದೆ. ಪೂರ್ತಿ ಕೇಳಿದರು.

"ನೀ ಮಾಡಿದ್ದು ಯಾರರೆ ನೋಡ್ಯಾರೇನು?"

"ಇಲ್ರಿ."

"ನಿನ್ನ ಹೆಸರು ಐತೇನು ಅದರಾಗ?"

"ಇಲ್ರಿ. ಮ್ಯಾಲಿನ ಕಂಪನೀದ ಐತ್ರಿ."

"ಮತ್ತ ನಿನಗ್ಯಾಕ ತುರಿಕಿ? ಬಾಯಿ ಮುಚ್ಕೊಂಡು ಬಾ ಅಂತ ತಡಸದಾಗ ಎಷ್ಟ ಸಲ ಹೇಳಿದ್ನಿ? ಹಡಬಿಟ್ಟಿ!" ಫೋನು ಕುಕ್ಕಿದರು.

ನಾನು ಒಂದು ಸೇತುವೆಯ ಮೇಲೆ ನಿಂತೆ. ಕೆಳಗೆ ಹೊಳೆ, ನಮ್ಮ ವರದೆ ತುಂಬಿದಾಗಿನದಕ್ಕಿಂತ ಅಗಲ. ಖಾಲಿ ರಸ್ತೆಯಲ್ಲಿ ಕೆಂಪು ದೀಪಕ್ಕೆ ನಿಲ್ಲುವ ಈ ಜನ, ನನ್ನ ಒಂದು ಕೂಗಿಗೆ ಯಾರು ನೀನು ಎಂದು ಕೇಳದೆ ಸವಣೂರಿನ ಗೋಡೌನಿಗೆ ಬಂದುಬಿಟ್ಟಿದ್ದರು. ನಾನು ಮಾಡಿದ ತಪ್ಪಿಗಿಂತ ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ನಾನು ಬುದ್ಧಿ ಇಲ್ಲದವನು, ಸರಿ. ಬುದ್ಧಿ ಇರುವ ಕೆಟ್ಟವನು ಇದ್ದಿದ್ದರೆ?

ಒಂದು ತಾಸಾದ ಮೇಲೆ ಚಾಚಾನೇ ಫೋನ್ ಮಾಡಿದರು. ದನಿ ಇಳಿದಿತ್ತು.

"ಮೈಲಾರಿ, ಆ ಹೆಣಮಗಳು ಒಬ್ಬಾಕಿನ ಕುಂತು ಎರಡು ತಿಂಗಳು ಹುಡಿಕ್ಯಾಳೇನು?"

"ಹೂನ್ರಿ."

"ಇಲ್ಲದ ಕಳ್ಳನ್ನ?"

"ಹೂನ್ರಿ ಚಾಚಾ."

"ಎಲಿ ಧಂದೇದಾಗ ಕಟ್ಟಿದ ಪೆಂಡಿ ದಿನಾ ಬಿಚ್ಚಿ ನೋಡಬೇಕಲೇ. ಒಂದು ಕೊಳತ ಎಲಿ ಮುಚ್ಚಿ ಇಟ್ಟಿ ಅಂದ್ರ ಮುಂಜಾನಿ ಅನ್ನೂದರಾಗ ಪೂರಾ ಪೆಂಡಿ ಹೋಗಿರ್ತೈತಿ." ಆಮೇಲೆ ಅಂದರು: "ಹೇಳು. ಆದ್ರ ನನ್ನ ಹೆಸರು ಮೊದಲ ಹೇಳು. ಗೋಡೌನ್ ನಂದು."

ಮೂರನೆಯ ದಿನ

ಬೆಳಿಗ್ಗೆ ಸಭೆ ಶುರುವಾಗುವ ಮೊದಲು ಅಕ್ಕೋರನ್ನು ಒಂದು ಮೂಲೆಗೆ ಕರೆದು, ಮೊಬೈಲಿನಲ್ಲಿದ್ದ ಫೋಟೊ ತೋರಿಸಿದೆ. ಪಾಠದ ಝೆರಾಕ್ಸ್, ಅದರ ಪಕ್ಕದಲ್ಲಿ ನಮ್ಮ ರೌಟರಿನ ಪರದೆ, ತಾರೀಖು, ಟೈಮು. ಕೆಲಸ ಆಯಿತು ಎಂಬ ಖುಷಿಗೆ ಅವತ್ತು ತೆಗೆದದ್ದು. ಪೆಂಬಾ ಇಂಗ್ಲಿಷಿನಲ್ಲಿ ಹೇಳಿದ.

ಅವರು ಫೋಟೊ ದೊಡ್ಡದು ಮಾಡಿ ನೋಡಿದರು. ಸಣ್ಣದು ಮಾಡಿದರು. ಮತ್ತೆ ದೊಡ್ಡದು ಮಾಡಿದರು.

"ಎಂಟು ಗಂಟೆಗೆ?" ಎಂದು ಕೇಳಿದರು.

"ಊಟ."

"ಊಟ?"

"ಊಟಕ್ಕೆ ಹೋಗಿದ್ದೆ, ಅಕ್ಕೋರೇ."

"ಊಟ!" ಎಂದು ಕೂಗಿ ಮೇಜಿಗೆ ಬಡಿದರು. ಕಾಫಿ ಚೆಲ್ಲಿತು. ಮೂರು ದಿನದಲ್ಲಿ ಈ ಊರಿನಲ್ಲಿ ನಾನು ಕೇಳಿದ ಮೊದಲ ದೊಡ್ಡ ದನಿ ಅದು. ಎಲ್ಲರೂ ತಿರುಗಿ ನೋಡಿದರು. ಅವರ ಭಾಷೆಯಲ್ಲಿ ಏನೇನೋ ಅಂದರು. ಬೈಗಳಕ್ಕೆ ಅರ್ಥ ಹೇಳುವವರು ಬೇಕಾಗಿಲ್ಲ. ನಾನು ತಲೆ ತಗ್ಗಿಸಿ ನಿಂತೆ. ಎರಡು ತಿಂಗಳ ನಿದ್ದೆ, ಅವರ ಶಾಲೆಯ ಮಕ್ಕಳ ತಿದ್ದದ ಪೇಪರು, ಎಲ್ಲ ನನ್ನ ತಲೆಯ ಮೇಲೆ ಬಿತ್ತು.

ಆಮೇಲೆ ಲ್ಯಾಪ್‌ಟಾಪ್ ತೆರೆದು ತಮ್ಮದೇ ಪಾಠದ ಪುಟಕ್ಕೆ ಹೋದರು. ಓದಿದರು. ಕುತ್ತಿಗೆಯಿಂದ ಕಿವಿಯ ತನಕ ಕೆಂಪಾದರು.

"ಪಾಠಕ್ಕೆಂದೇ ಯಾರಿಗೂ ಸೇರದ ವಿಳಾಸಗಳನ್ನು ಬೇರೆ ಇಟ್ಟಿದ್ದಾರೆ. ಅವನ್ನು ಬರೆಯಬೇಕಿತ್ತು. ನಾನು ಅವಸರದಲ್ಲಿ ನನ್ನವನ್ನೇ ಬರೆದೆ," ಅಂದರು. "ಗಣಿತದ ಟೀಚರ್ ನಾನು."

ನಾನು ಚೆಲ್ಲಿದ ಕಾಫಿ ಒರೆಸಿದೆ.

"ನಿನ್ನ ಮೇಲಿನ ಸಿಟ್ಟು ಹೋಗಲು ಇನ್ನೂ ದಿನ ಬೇಕು," ಅಂದರು. "ಆದರೆ ಇವತ್ತು ನಿದ್ದೆ ಬರುತ್ತದೆ."

ಸಭೆಯಲ್ಲಿ ನಿಲ್ಲಿಸುತ್ತೇನೆ ಎಂದು ಹೇಳಬೇಕಾದ ಹೊತ್ತಿನಲ್ಲಿ ಅವರು ನನ್ನ ಫೋಟೊ ಹಾಕಿದರು. ನನ್ನನ್ನು ಕರೆದರು. ನಾನು ಮೊದಲು ಗೌಸ್ ಚಾಚಾ ಹೆಸರು ಹೇಳಿದೆ, ಆಮೇಲೆ ನನ್ನದು, ಆಮೇಲೆ ಕರೆಂಟಿನ ಕತೆ. ಊಟದ ಮಾತು ಬಂದಾಗ ಬೋಳುತಲೆಯ ಸಾಹೇಬ ಕನ್ನಡಕ ತೆಗೆದು ಒರೆಸಿಕೊಂಡ. ಯಾರೂ ನಗಲಿಲ್ಲ. ಹಿಂದಿನಿಂದ ಒಬ್ಬ ಕೇಳಿದ: "ನೀವು ಕೂಗಿದ್ದನ್ನು ನಿಮ್ಮ ಮೇಲಿನ ಕಂಪನಿ ಒಮ್ಮೆಯೂ ಪರೀಕ್ಷೆ ಮಾಡಲಿಲ್ಲವೇ?"

"ಇಲ್ಲ."

ಇಡೀ ಸಭೆ ಹೂವಿನ ಅಂಗಡಿಯ ಮುದುಕಿಯ ಹಾಗೆ ನನ್ನನ್ನು ನೋಡಿತು.

ಅಕ್ಕೋರು ಕೊನೆಗೆ ಹೇಳಿದ್ದು ಇಷ್ಟು: "ನಿಲ್ಲಿಸುವುದಿಲ್ಲ. ಆದರೆ ಒಬ್ಬಳೇ ಮಾಡುವುದೂ ಇಲ್ಲ. ಯಾರು ಬರುತ್ತೀರಿ?" ಪೆಂಬಾ ಕೈ ಎತ್ತಿದ. ಆ ಸಾಹೇಬನೂ ಎತ್ತಿದ. ನಾನು ಪಾಠವನ್ನು ಕನ್ನಡದಲ್ಲಿ ಬರೆಯುತ್ತೇನೆ ಎಂದೆ, ಬೇರೆ ಅಂಕಿ ಹಾಕಿ.

ಸವಣೂರು

ಸಭೆಯ ಸುದ್ದಿ ಮೇಲಿನ ಕಂಪನಿಗೆ ಮುಟ್ಟಿತ್ತು; ನಾನು ಊರಿಗೆ ಬರುವ ಮೊದಲೇ ಲೈನ್ ಕತ್ತರಿಸಿದ್ದರು. ಚಾಚಾ ಗೋಡೌನಿನ ಮುಂದೆ ಕುರ್ಚಿ ಹಾಕಿಕೊಂಡು ಬಂದವರ ಬೈಗಳು ತಿನ್ನುತ್ತಿದ್ದರು. ಹಾನಗಲ್ಲಿನಿಂದ ಪಹಣಿ ತೆಗೆದುಕೊಡುವ ಅಂಗಡಿಯ ಹುಡುಗಿಯ ಫೋನು ಮೇಲಿಂದ ಮೇಲೆ.

"ಅಣ್ಣಾ, ಮಂದಿ ಪಾಳಿ ಹಚ್ಚಿ ನಿಂತಾರ. ನೀ ಏನ ಪರದೇಶ ಮಾಡ್ಕೊಂಡು ಬಂದಿ, ನಮಗ ಇಲ್ಲಿ ಕತ್ತಲಿ ಮಾಡಿ."

ಚಾಚಾ ನನಗೂ ಪಕ್ಕದಲ್ಲಿ ಒಂದು ಕುರ್ಚಿ ಹಾಕಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಎಂಟನೆಯ ದಿನ ಲೈನ್ ಬಂತು, ಜೊತೆಗೆ ಮೇಲಿನ ಕಂಪನಿಯ ಒಂದು ಪತ್ರ. ನಿಮ್ಮಂಥ ಗಿರಾಕಿಗಳಿಂದ ಇನ್ನು ಮುಂದೆ ತಪ್ಪು ಕೂಗು ಹೊರಗೆ ಹೋಗದಂತೆ ಕಾವಲು ಹಾಕಿದ್ದೇವೆ, ಇನ್ನೊಮ್ಮೆ ಹೀಗಾದರೆ ಸಂಬಂಧ ಮುಗಿಯಿತು ಎಂದು. ನಾನು ಅದನ್ನು ಅಕ್ಕೋರಿಗೆ ಕಳಿಸಿದೆ. ಅವರು ಗಣಿತ ಕಲಿಸುವವರು, ಬರೀ ಉತ್ತರ ನೋಡಿ ಮಾರ್ಕು ಹಾಕುವವರಲ್ಲ. ಲೆಕ್ಕ ಮಾಡಿ ತೋರಿಸು ಅಂದರು. ತಮ್ಮದೇ ವಿಳಾಸಗಳಲ್ಲಿ ಯಾರೂ ಬಳಸದ ಒಂದು ಖಾಲಿ ತುಂಡು ಕೊಟ್ಟರು: ಇದನ್ನು ಕೂಗು, ಒಂದು ನಿಮಿಷ ಮಾತ್ರ, ನಾನು ಇಲ್ಲಿಂದ ನೋಡುತ್ತೇನೆ.

ಮಧ್ಯಾಹ್ನ. ಕರೆಂಟು ಇತ್ತು. ಚಾಚಾ ನನ್ನ ಹಿಂದೆ ನಿಂತಿದ್ದರು. ಫೋನಿನಲ್ಲಿ ರಿಗಾದ ಅಡುಗೆಮನೆ.

"ಕಂಪನಿಯವರು ಕಾವಲು ಹಾಕ್ಯಾರಂತ ಬರದಾರಲ್ಲೋ, ಮತ್ತ್ಯಾಕ ಬೇಕು? ಸಿಕ್ರ ಸಂಬಂಧ ಮುಗೀತು ಅಂದಾರ," ಅಂದರು ಚಾಚಾ.

"ಪೆಂಡಿ ಬಿಚ್ಚಿ ನೋಡಬೇಕ್ರಿ."

ನಾನು ಒಂದೊಂದೇ ಅಂಕಿ ನೋಡಿ ಹೊಡೆದೆ. ಎಂಟರ್ ಒತ್ತಿದೆ.

ನಾನು ಇಪ್ಪತ್ತರ ತನಕ ಎಣಿಸಿದೆ. ಕಾವಲು ಇದೆ ಎಂದು ಉಸಿರು ಬಿಡುವಷ್ಟರಲ್ಲಿ ಅಕ್ಕೋರ ದನಿ ಬಂತು, ಬಹಳ ಮೆಲ್ಲಗೆ.

"ಮೈಲಾರಿ. ಕೂಗು ಹೊರಗೆ ಬಂದಿದೆ. ಸಿಂಗಾಪುರದ ರೌಟರಿನಿಂದ ನೋಡಿದರೆ ನನ್ನ ತುಂಡು ನಿನ್ನಲ್ಲಿದೆ."

"ಏನಂದಳೋ?" ಚಾಚಾ ನನ್ನ ಭುಜ ಹಿಡಿದರು.

"ಕಾವಲಿಲ್ರಿ ಚಾಚಾ. ಬಾಗಲಾ ಹಂಗ ತೆರದೈತಿ."

"ಎಂಟು ದಿನ ನಮ್ಮನ್ನ ಕತ್ತಲ್ಯಾಗ ಕುಂದರಿಸಿ?"

"ಹೂನ್ರಿ."

ಚಾಚಾ ಗೋಡೌನಿನ ಬಾಗಿಲ ಕಡೆ ತಿರುಗಿ ನೋಡಿದರು. "ಅಳಸು," ಅಂದರು. "ಅಳಸಲೇ ಮೊದಲ. ಬಾಗಲಾ ತೆರದೈತಿ ಅಂತ ಯಾರರೆ ಬಂದಗಿಂದಾರು."